ಕೊನೆಯ ಪಂಕ್ತಿಯ ನೀರು

ಮದುವೆಮನೆಯ ಅಡುಗೆ ಹೇಗಿತ್ತೆಂದು ಮೊದಲ ಪಂಕ್ತಿಯಲ್ಲಿ ಉಂಡೆದ್ದವರನ್ನು ಕೇಳಬಾರದು. ಹೋಳಿಗೆಯ ಮೇಲೆ ಧಾರಾಳವಾಗಿ ತುಪ್ಪ ಹಾಕಿಸಿಕೊಂಡವರು ಅವರು; ‘ಭೇಷ್’ ಎನ್ನದೆ ಇನ್ನೇನು ಹೇಳಿಯಾರು? ಕೇಳಬೇಕಾದದ್ದು ಕೊನೆಯ ಪಂಕ್ತಿಯವರನ್ನು. ಆ ಹೊತ್ತಿಗೆ ಹೋಳಿಗೆ ಮುಗಿದಿರುತ್ತದೆ, ಸಾರಿಗೆ ನೀರು ಬೆರೆತಿರುತ್ತದೆ, ಪಲ್ಯದ ಪಾತ್ರೆಯ ತಳ ಕೆರೆಯುವ ಸದ್ದು ಕೇಳಿಸುತ್ತಿರುತ್ತದೆ. ಆ ಪಂಕ್ತಿಯಲ್ಲಿ ಕೂತವರು ಯಾರೆಂದು ನಾನು ನಿಮಗೆ ಹೇಳಬೇಕಾಗಿಲ್ಲ. ಬೆಳಗಿನಿಂದ ಹೆಚ್ಚಿ, ಬೇಯಿಸಿ, ಬಡಿಸಿದ ಹೆಂಗಸರೇ ಅವರು.

ಕಾಲುವೆಯ ಮಾತೂ ಹಾಗೆಯೇ. ಅಣೆಕಟ್ಟಿನ ಕಡೆಯಿಂದ ನೋಡಿದರೆ ಪ್ರತಿಯೊಂದು ಕಾಲುವೆಯೂ ಪವಾಡವೇ. ಅದರ ನಿಜ ತಿಳಿಯಬೇಕಾದರೆ ಕೊನೆಯ ತೂಬಿನ ಹತ್ತಿರ ಹೋಗಿ ನಿಲ್ಲಬೇಕು. ಆದರೆ ನಮ್ಮಲ್ಲಿ ಕಾಲುವೆಗಳನ್ನು ಹೊಗಳಿ ಭಾಷಣ ಮಾಡುವವರೆಲ್ಲ ಮೊದಲ ಪಂಕ್ತಿಯವರು. ಅದರಲ್ಲೂ ವಿದೇಶ ನೋಡಿಬಂದವರ ಹೊಗಳಿಕೆಗೆ ಕಡಿವಾಣವೇ ಇಲ್ಲ.

2025ರ ಯುಗಾದಿಗೆ ನಾನು ಮಗಳ ಮನೆಯಲ್ಲಿದ್ದೆ. ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಫೀನಿಕ್ಸ್ ಮಹಾನಗರಕ್ಕೆ ಅಂಟಿಕೊಂಡಿರುವ ಟೆಂಪಿ ಎಂಬ ಊರು. ವರ್ಷಕ್ಕೆ ಏಳೆಂಟು ಇಂಚು ಮಳೆ ಬಿದ್ದರೆ ಅದೇ ಹೆಚ್ಚು ಎನ್ನುವಂಥ ಮರುಭೂಮಿ. 2023ರ ಬೇಸಿಗೆಯಲ್ಲಿ ಅಲ್ಲಿ ಸತತ 31 ದಿನ 43 ಡಿಗ್ರಿಗಿಂತ ಹೆಚ್ಚು ಬಿಸಿಲಿತ್ತಂತೆ. ರಾಯಚೂರಿನವಳಾದ ನನಗೆ ಬಿಸಿಲೇನೂ ಹೊಸದಲ್ಲ, ಆದರೆ ಈ ಲೆಕ್ಕ ಕೇಳಿ ನಾನೂ ಸೆರಗಿನಿಂದ ಗಾಳಿ ಹಾಕಿಕೊಂಡೆ. ಇಂಥ ಊರಿನಲ್ಲಿ ಹುಲ್ಲುಹಾಸು, ಕಿತ್ತಲೆ ಗಿಡ, ಹಿತ್ತಿಲಲ್ಲಿ ಈಜುಕೊಳ!

ಹಬ್ಬದೂಟಕ್ಕೆ ಸೇರಿದ್ದ ಕನ್ನಡದವರಲ್ಲಿ ಹಿರಿಯರೊಬ್ಬರು ನನ್ನನ್ನು ಕೇಳಿದರು: “ನೋಡಿದಿರಾ ಮೇಡಂ, ಮರಳುಗಾಡನ್ನು ಹೇಗೆ ನಂದನವನ ಮಾಡಿದ್ದಾರೆ ಈ ಜನ? ನಮ್ಮವರಿಗೆ ತುಂಗಭದ್ರೆ, ಕೃಷ್ಣೆ, ಕಾವೇರಿ ಎಲ್ಲ ಕೊಟ್ಟರೂ ಜಗಳ ಬಿಟ್ಟು ಬೇರೆ ಗೊತ್ತಿಲ್ಲ. ದುಡಿಯುವ ಬುದ್ಧಿಯೇ ಇಲ್ಲ ನೋಡಿ.” ಸುತ್ತಲಿದ್ದವರು ತಲೆಯಾಡಿಸಿದರು. ಇದೇ ಮಾತನ್ನು ನಮ್ಮೂರಿನ ಸಭೆಗಳಲ್ಲೂ ನಾನು ನೂರು ಸಲ ಕೇಳಿದ್ದೇನೆ. ಈ ಲೇಖನ ಬರೆಯುತ್ತಿರುವುದು ಆ ಮಾತಿಗೆ ಉತ್ತರವಾಗಿ.

ಮುಂದಿನ ಭಾನುವಾರ ಬೆಳಿಗ್ಗೆ ಮಗಳೂ ನಾನೂ ಸೈಕಲ್ ಹತ್ತಿ ಹೊರಟೆವು. ಅವರ ಕಾಲುವೆಯನ್ನು ಕಾರಿನ ಕಿಟಕಿಯಿಂದ ನೋಡುವ ಆಸೆ ನನಗಿರಲಿಲ್ಲ. ಕಾರು ಕಾಲುವೆಯನ್ನು ದಾಟುತ್ತದೆ, ಸೈಕಲ್ಲಾದರೆ ಕಾಲುವೆಯ ಜೊತೆಗೆ ಹೋಗುತ್ತದೆ. ನೀರಿನ ಪಕ್ಕದಲ್ಲೇ, ಹೆಚ್ಚು ಕಡಿಮೆ ನೀರಿನ ವೇಗದಲ್ಲೇ ಹೋಗುವಾಗ, ಅದು ಎಲ್ಲಿ ಯಾರ ಕಡೆ ತಿರುಗಿತು, ಯಾರ ಮನೆಗೆ ಬೆನ್ನು ಮಾಡಿತು ಎಂಬುದೆಲ್ಲ ಕಣ್ಣಿಗೆ ಬೀಳುತ್ತದೆ. ಚೂಡಿದಾರ ತೊಟ್ಟು, ತಲೆಗೆ ಹೆಲ್ಮೆಟ್ ಹಾಕಿಕೊಂಡ ಅರವತ್ತರ ಹೆಂಗಸನ್ನು ಅಲ್ಲಿ ಯಾರೂ ತಿರುಗಿ ನೋಡಲಿಲ್ಲ. “ಅವ್ವಾ, ಸಾವಕಾಶ” ಎಂದು ಹಿಂದಿನಿಂದ ಕೂಗುತ್ತಿದ್ದವಳು ಮಗಳೊಬ್ಬಳೇ.

ನಾವು ಹಿಡಿದದ್ದು ಗ್ರ್ಯಾಂಡ್ ಕೆನಾಲ್ ದಂಡೆಯ ದಾರಿ. ಇದು 1878ರ ಕಾಲುವೆ. ಈ ಕಣಿವೆಯಲ್ಲಿ ಒಂದೇ ವ್ಯವಸ್ಥೆಗೆ ಸೇರಿದ ಮುಖ್ಯ ಕಾಲುವೆಗಳ ಉದ್ದ ಸುಮಾರು 210 ಕಿಲೋಮೀಟರು. ಹೊಗಳಬೇಕಾದದ್ದನ್ನು ಮೊದಲು ಹೊಗಳಿಬಿಡುತ್ತೇನೆ. ನಗರದೊಳಗೆ ಹನ್ನೆರಡು ಮೈಲಿಯಷ್ಟು ದಂಡೆಗೆ ಕಾಂಕ್ರೀಟು ಹಾಸಿ, ದೀಪ ಹಾಕಿ, ದೊಡ್ಡ ರಸ್ತೆ ಎದುರಾದಲ್ಲೆಲ್ಲ ನಡೆಯುವವರಿಗೂ ಸೈಕಲ್ಲಿನವರಿಗೂ ಸಿಗ್ನಲ್ ಇಟ್ಟಿದ್ದಾರೆ. 2020ರಲ್ಲಿ ಆ ಕೆಲಸ ಮುಗಿಯಿತು. ಹೆಂಗಸರು ಒಬ್ಬೊಬ್ಬರೇ ಓಡುತ್ತಿರುತ್ತಾರೆ. ಕೂಸಿನ ಗಾಡಿ ತಳ್ಳುವ ತಾಯಂದಿರು, ನಾಯಿ ಹಿಡಿದ ಅಜ್ಜಿಯರು, ನೀರಿನಂಚಿನಲ್ಲಿ ಒಂಟಿಕಾಲಿನಲ್ಲಿ ನಿಂತ ಕೊಕ್ಕರೆಗಳು. ನೀರಿನಲ್ಲಿ ಪಾಚಿ, ಕಳೆ ಬೆಳೆಯದಿರಲೆಂದು ಕಳೆ ತಿನ್ನುವ ದೊಡ್ಡ ಮೀನುಗಳನ್ನು ಬಿಟ್ಟಿದ್ದಾರೆ. ಅವು ಮರಿ ಹಾಕದ ಜಾತಿಯವು. ಗಾಳಕ್ಕೆ ಸಿಕ್ಕರೆ ಮರಳಿ ನೀರಿಗೇ ಬಿಡಬೇಕೆಂದು ನಿಯಮ. ತೂಬು ಎತ್ತಿಳಿಸುವವನಿಗೆ ಸ್ಪ್ಯಾನಿಷ್ ಭಾಷೆಯಲ್ಲಿ ‘ಸಾನ್ಹೇರೋ’ ಎನ್ನುತ್ತಾರೆಂದು ಮಗಳು ಹೇಳಿದಾಗ ನನಗೆ ನಗು ಬಂತು. ನಮ್ಮ ನೀರುಗಂಟಿಯೇ ಅಲ್ಲವೇ ಅವನು! ಇಂಥದ್ದನ್ನೆಲ್ಲ ನಾವು ಖಂಡಿತ ಕಲಿಯೋಣ. ನಮ್ಮ ಕಾಲುವೆಗಳ ದಂಡೆಯ ಮೇಲೆ ಹೊತ್ತು ಮುಳುಗಿದ ಮೇಲೆ ಹೆಣ್ಣುಮಗಳೊಬ್ಬಳು ಧೈರ್ಯವಾಗಿ ನಡೆಯುವ ದಿನ ಬರಲಿ.

ಆದರೆ ‘ಮರಳುಗಾಡನ್ನು ನಂದನವನ ಮಾಡಿದವರು’ ಎಂಬ ಮಾತು? ಅದಕ್ಕೆ ಉತ್ತರ ಆ ದಾರಿಯ ಆರಂಭದಲ್ಲೇ ಇದೆ.

ವಿಮಾನ ನಿಲ್ದಾಣದ ಪಕ್ಕದಲ್ಲಿ, ಕಾಲುವೆಗೆ ತಾಗಿದಂತೆ ಒಂದು ವಸ್ತುಸಂಗ್ರಹಾಲಯವಿದೆ. ಬಹುಕಾಲ ಅದಕ್ಕೆ ಪ್ವೆಬ್ಲೊ ಗ್ರಾಂಡೆ ಎಂಬ ಸ್ಪ್ಯಾನಿಷ್ ಹೆಸರಿತ್ತು, 2023ರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಓಧಮ್ ಜನರ ಭಾಷೆಯ ಹೆಸರಿಟ್ಟರು. ಅದರ ಅಂಗಳದಲ್ಲಿ ಮಣ್ಣಿನ ಎರಡು ದಿಬ್ಬಗಳ ನಡುವೆ ಅಗಲವಾದ ತಗ್ಗು ಕಾಣುತ್ತದೆ. ಅದು ಕಾಲುವೆ. ಸಾವಿರ ವರ್ಷಕ್ಕೂ ಹಿಂದೆ, ಕಬ್ಬಿಣವಿಲ್ಲದ, ಎತ್ತಿಲ್ಲದ, ಗಾಡಿಯಿಲ್ಲದ ಜನ ಕೋಲು ಮತ್ತು ಕಲ್ಲಿನ ಸಲಿಕೆಯಿಂದ ತೋಡಿದ ಕಾಲುವೆ. ಇಂಥವನ್ನು ನೂರಾರು ಮೈಲಿ ತೋಡಿ, ಮೆಕ್ಕೆಜೋಳ, ಹತ್ತಿ, ಕುಂಬಳ ಬೆಳೆದು ಬದುಕಿದ ಆ ಜನರನ್ನು ವಿದ್ವಾಂಸರು ಹೊಹೊಕಮ್ ಎಂದು ಕರೆಯುತ್ತಾರೆ. ಸುಮಾರು 1450ರ ಹೊತ್ತಿಗೆ ಅವರ ದೊಡ್ಡ ಊರುಗಳು ಖಾಲಿಯಾದವು. ಓಧಮ್ ಜನ ಅವರನ್ನು ತಮ್ಮ ಪೂರ್ವಜರೆಂದೇ ತಿಳಿಯುತ್ತಾರೆ. 1867ರಲ್ಲಿ ಜ್ಯಾಕ್ ಸ್ವಿಲ್ಲಿಂಗ್ ಎಂಬಾತ ಕಂಪನಿ ಕಟ್ಟಿ ಮಾಡಿದ ಕೆಲಸವೇನು? ಹೂತುಹೋಗಿದ್ದ ಈ ಹಳೆಯ ಕಾಲುವೆಗಳ ಜಾಡು ಹಿಡಿದು ಹೂಳೆತ್ತಿ ನೀರು ಹರಿಸಿದ. ಹಳೆಯ ನಾಗರಿಕತೆಯ ಬೂದಿಯಿಂದ ಎದ್ದ ಊರೆಂದು, ಬೂದಿಯಿಂದೇಳುವ ಪುರಾಣದ ಹಕ್ಕಿಯ ಹೆಸರನ್ನೇ ಊರಿಗೆ ಇಟ್ಟರು. ಹೆಸರಿನಲ್ಲೇ ಸಾಲ ಒಪ್ಪಿಕೊಂಡಿದ್ದಾರೆ, ಮೆಚ್ಚೋಣ. ನಮ್ಮ ಹಿರಿಯರಿಗೆ ಮಾತ್ರ ಆ ಸಾಲ ಕಾಣಿಸಲಿಲ್ಲ!

ಮುಂದಿನದಕ್ಕೂ ಬರೀ ದುಡಿಮೆ ಸಾಕಾಗಲಿಲ್ಲ. 1902ರ ಕಾಯ್ದೆಯಂತೆ ಸರ್ಕಾರ ಸಾಲ ಕೊಟ್ಟಿತು, 1911ರಲ್ಲಿ ಸಾಲ್ಟ್ ನದಿಗೆ ರೂಸ್‌ವೆಲ್ಟ್ ಅಣೆಕಟ್ಟು ಎದ್ದಿತು. ಅದಕ್ಕೂ ಕೆಳಗೆ, ನಗರಕ್ಕೆ ಮೊದಲು, 1908ರಿಂದಲೇ ಇರುವ ಒಡ್ಡಿನಲ್ಲಿ ನದಿಯ ನೀರನ್ನು ಎಡಕ್ಕೂ ಬಲಕ್ಕೂ ಕಾಲುವೆಗಳಿಗೆ ತಿರುಗಿಸುತ್ತಾರೆ. ಹಾಗಾದರೆ ನದಿ ಏನಾಯಿತು? ವಸ್ತುಸಂಗ್ರಹಾಲಯದಿಂದ ದಕ್ಷಿಣಕ್ಕೆ ಸ್ವಲ್ಪವೇ ದೂರದಲ್ಲಿದೆ, ಹೋಗಿ ನೋಡಬಹುದು. ದೊಡ್ಡ ಮಳೆ ಬಂದು ಮೇಲಿನಿಂದ ನೀರು ಬಿಟ್ಟ ದಿನಗಳನ್ನು ಬಿಟ್ಟರೆ, ನಗರದೊಳಗೆ ಅದು ಬಹುತೇಕ ಗುಂಡುಕಲ್ಲು, ಮರಳು, ಒಣಗಿದ ಪೊದೆ. ಟೆಂಪಿಯಲ್ಲಿ 1999ರಿಂದ ಆ ಪಾತ್ರಕ್ಕೆ ಅಡ್ಡಗಟ್ಟಿ ನೀರು ತುಂಬಿ ಕೆರೆ ಮಾಡಿದ್ದಾರೆ, ದೋಣಿ ಬಿಡುತ್ತಾರೆ. ನಂದನವನದ ಫೋಟೋ ತೆಗೆಯುವವರು ಆ ಕೆರೆಯ ದಡದಲ್ಲಿ ನಿಲ್ಲುತ್ತಾರೆಯೇ ಹೊರತು, ಅದರ ಕೆಳಗಿನ ಒಣನದಿಯಲ್ಲಿ ಯಾರೂ ನಿಲ್ಲುವುದಿಲ್ಲ.

ಇನ್ನು ಕೊನೆಯ ಪಂಕ್ತಿಯವರ ಮಾತು. ಫೀನಿಕ್ಸಿನ ದಕ್ಷಿಣಕ್ಕೆ ಗಿಲಾ ಎಂಬ ಇನ್ನೊಂದು ನದಿ. ಅದರ ದಡದಲ್ಲಿ ಬಾಳುತ್ತಿದ್ದವರು ಅಕಿಮೆಲ್ ಓಧಮ್. ಆ ಹೆಸರಿನ ಅರ್ಥವೇ ನದಿಯ ಜನ. 1849ರಲ್ಲಿ ಚಿನ್ನ ಹುಡುಕಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊರಟ ಸಾವಿರಾರು ಮಂದಿಗೆ, ಅನಂತರ ಸೈನ್ಯಕ್ಕೆ, ಗೋಧಿ ಮಾರಿ ಅನ್ನ ಕೊಟ್ಟವರು ಇವರು. ಆಮೇಲೆ ಬಂದು ನೆಲೆಸಿದವರು ನದಿಯ ಮೇಲ್ಭಾಗದಲ್ಲಿ ಒಬ್ಬರಾದ ಮೇಲೊಬ್ಬರು ಕಾಲುವೆ ತೋಡಿ ನೀರು ತಿರುಗಿಸಿಕೊಂಡರು. ಹತ್ತೊಂಬತ್ತನೆಯ ಶತಮಾನ ಮುಗಿಯುವಷ್ಟರಲ್ಲಿ ನದಿಯ ಜನರಿಗೆ ನದಿಯೇ ಇರಲಿಲ್ಲ. ಗೋಧಿ ಮಾರಿದವರು ಉಪವಾಸ ಬಿದ್ದರು. ಮೆಸ್ಕೀಟ್ ಮರ ಕಡಿದು ಸೌದೆ ಮಾರಿ ಹೊಟ್ಟೆ ಹೊರೆದರು. ಮೆಸ್ಕೀಟ್ ಎಂದರೆ ನಮ್ಮ ಬಳ್ಳಾರಿ ಜಾಲಿಯ ಬಳಗದ ಮರ. ಕಾಲುವೆ ದಂಡೆಯಲ್ಲಿ ಸೈಕಲ್ ನಿಲ್ಲಿಸಿ ಅದರ ಕಾಯಿ, ಮುಳ್ಳು ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ರಾಯಚೂರು ಸೀಮೆಯಲ್ಲಿ ನೀರಿಲ್ಲದ ಹೊಲದವರು ಕೊಡಲಿ ಹಿಡಿದು ಹೋಗುವುದೂ ಅದೇ ಜಾಲಿಯ ಕಡೆಗಲ್ಲವೇ?

ಹೊಲ ಹೋದ ಮೇಲೆ ಊಟವೂ ಬದಲಾಯಿತು. ಸರ್ಕಾರ ಹಂಚಿದ ಮೈದಾಹಿಟ್ಟು, ಕೊಬ್ಬು, ಸಕ್ಕರೆ ತಿಂದು ಬದುಕಿದ ಆ ಜನರಲ್ಲಿ ಸಕ್ಕರೆ ಕಾಯಿಲೆ ಲೋಕದಲ್ಲೇ ಅತಿ ಹೆಚ್ಚು ಎನ್ನುವ ಮಟ್ಟಕ್ಕೆ ಬೆಳೆಯಿತು. 1965ರಿಂದ ವೈದ್ಯರು ಅಲ್ಲಿ ದಶಕಗಟ್ಟಲೆ ಸಂಶೋಧನೆ ಮಾಡಿದರು. ಮಕ್ಕಳ ಪಾಡು ಇನ್ನೊಂದು. ನಾವು ಹೋದ ಕಾಲುವೆ ದಾರಿಯ ಸಮೀಪದಲ್ಲೇ ಒಂದು ಉದ್ಯಾನವಿದೆ. 1891ರಿಂದ 1990ರವರೆಗೆ ಅಲ್ಲಿ ಇದ್ದದ್ದು ಮೂಲನಿವಾಸಿ ಮಕ್ಕಳ ವಸತಿ ಶಾಲೆ. ಮಕ್ಕಳನ್ನು ತಾಯಂದಿರಿಂದ ದೂರ ತಂದು, ಅವರ ಭಾಷೆ ಬಿಡಿಸಿ, ಹೆಣ್ಣುಮಕ್ಕಳನ್ನು ನಗರದ ಮನೆಗಳಿಗೆ ಕೆಲಸದವರನ್ನಾಗಿ ಕಳಿಸುತ್ತಿದ್ದರು. ನೀರು ಮೇಲಿನವರ ಹೊಲಕ್ಕೆ ಹೋಯಿತು, ಹುಡುಗಿಯರು ಮೇಲಿನವರ ಅಡುಗೆಮನೆಗೆ ಹೋದರು. ಎರಡೂ ಬೇರೆ ಬೇರೆ ಕತೆ ಎಂದು ಯಾವ ಹೆಂಗಸಾದರೂ ಹೇಳಿಯಾಳೇ?

ನನಗೆ ಈ ಕತೆ ಹೊಸದೆನಿಸದಿರಲು ಕಾರಣವಿದೆ. ಮಾನ್ವಿ ಸೀಮೆಯ ಹಳ್ಳಿಯೊಂದರಲ್ಲಿ ನಾನು ವರ್ಷಗಟ್ಟಲೆ ಪಾಠ ಹೇಳಿದವಳು. ತುಂಗಭದ್ರಾ ಎಡದಂಡೆ ಕಾಲುವೆಯ ಉದ್ದ 227 ಕಿಲೋಮೀಟರು. ನಮ್ಮ ಹಳ್ಳಿ ಅದರ ಕೆಳಗಿನ ಭಾಗದ್ದು, ರೈತರ ಬಾಯಲ್ಲಿ ‘ಟೇಲೆಂಡ್’. 1953ರಲ್ಲಿ ಅಣೆಕಟ್ಟು ಮುಗಿದಾಗ ಇದ್ದ ಯೋಜನೆಯೇ ಬೇರೆ. ಬರದ ಸೀಮೆಯ ಹೆಚ್ಚು ಹೊಲಗಳಿಗೆ ಸ್ವಲ್ಪ ಸ್ವಲ್ಪ ನೀರು ಮುಟ್ಟಿಸಿ ಜೋಳ, ಹತ್ತಿಯಂಥ ಬೆಳೆ ಕಾಪಾಡಬೇಕೆಂದಿತ್ತು. ಮೇಲ್ಭಾಗದಲ್ಲಿ ಗದ್ದೆಗಳೆದ್ದವು, ಎರಡೆರಡು ಬೆಳೆ ಭತ್ತ ಬಂತು, ಕೆಳಗಿನವರಿಗೆ ತೂಬಿನ ತುಕ್ಕು ಉಳಿಯಿತು. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. ಆ ಕೊರತೆಯೂ ಮೊದಲು ತಟ್ಟುವುದು ಕೆಳಗಿನವರಿಗೇ.

ನಾಟಿಯ ದಿನಗಳಲ್ಲಿ ನನ್ನ ತರಗತಿಯ ಹಾಜರಿ ಪುಸ್ತಕದಲ್ಲಿ ಹುಡುಗಿಯರ ಹೆಸರಿನ ಮುಂದೆ ಸಾಲಾಗಿ ಗೈರು. ತಾಯಂದಿರು ಟ್ರಾಕ್ಟರ್ ಹತ್ತಿ ಮೇಲಿನ ಊರುಗಳ ಗದ್ದೆಗಳಿಗೆ ಕೂಲಿಗೆ ಹೋಗಿರುತ್ತಿದ್ದರು, ಹುಡುಗಿಯರು ಮನೆಯಲ್ಲಿ ಕೂಸು ಆಡಿಸುತ್ತಿದ್ದರು. ತಮ್ಮ ಹೊಲಕ್ಕೆ ಬರಬೇಕಾದ ನೀರಿನಲ್ಲೇ ಮೊಣಕಾಲವರೆಗೆ ನಿಂತು ಇನ್ನೊಬ್ಬರ ಸಸಿ ನಡುವುದು! ಕಾಲುವೆಗೆ ನೀರು ಬಿಟ್ಟರಂತೆ ಎಂದು ನಾನೊಮ್ಮೆ ಸಂತೋಷದಿಂದ ಹೇಳಿದಾಗ ಹುಡುಗಿಯೊಬ್ಬಳ ತಾಯಿ ಹೇಳಿದ್ದು ಇಷ್ಟೇ: “ನೀರು ಬಿಟ್ಟಾರ ಅಂತ ಸುದ್ದಿ ಬರ್ತದರೀ ಟೀಚರ್ರಾ, ನೀರು ಬರಂಗಿಲ್ಲ.”

ಆ ತಾಯಿಯನ್ನು ಸೋಮಾರಿ ಎನ್ನುವ ಧೈರ್ಯ ಆ ಹಿರಿಯರಿಗಿದೆಯೇ? ನಮ್ಮವರು ಜಗಳಗಂಟರು ಎನ್ನುತ್ತಾರೆ. ಹೌದು, ಕೊನೆಯ ಪಂಕ್ತಿಯವರು ಜಗಳವಾಡದೆ ಯಾವ ಊರಲ್ಲೂ ಊಟ ಸಿಕ್ಕಿಲ್ಲ. ಅಮೆರಿಕದ ನದಿಯ ಜನಕ್ಕೂ ಸಿಕ್ಕಿದ್ದು ಜಗಳವಾಡಿಯೇ. ‘ಮೊದಲು ಬಳಸಿದವರಿಗೆ ಮೊದಲ ಹಕ್ಕು’ ಎಂಬುದು ಅಲ್ಲಿಯ ನೀರಿನ ಕಾನೂನು. ಆ ಕಾನೂನನ್ನು ಮಾಡಿದವರೇ ಮೊದಲು ಬಳಸಿದವರನ್ನು ಮರೆತರು. ತಲೆಮಾರುಗಳ ಕಾಲ ಕೋರ್ಟು, ಕಚೇರಿ ಸುತ್ತಿದ ಮೇಲೆ 2004ರಲ್ಲಿ ಕಾಯ್ದೆಯಾಯಿತು: ಗಿಲಾ ನದಿಯ ಸಮುದಾಯಕ್ಕೆ ವರ್ಷಕ್ಕೆ 6,53,500 ಎಕರೆ-ಅಡಿ ನೀರು. ನಮ್ಮ ಲೆಕ್ಕದಲ್ಲಿ ಸುಮಾರು 28 ಟಿಎಂಸಿ. ಅವರ ಹೊಲಗಳಲ್ಲಿ ಮತ್ತೆ ಬೆಳೆ ಎದ್ದಿದೆ. 2024ರಲ್ಲಿ ಅವರು ತಮ್ಮ ಕಾಲುವೆಯ ಮೇಲೆ ಸೌರಫಲಕಗಳ ಚಪ್ಪರ ಹಾಕಿದರು. ವಿದ್ಯುತ್ತೂ ಬಂತು, ನೀರು ಆವಿಯಾಗುವುದೂ ಕಡಿಮೆಯಾಯಿತು. ಅಮೆರಿಕದಲ್ಲಿ ಇಂಥದ್ದು ಅದೇ ಮೊದಲು. ನಮ್ಮ ಗುಜರಾತಿನಲ್ಲಿ ನರ್ಮದಾ ಕಾಲುವೆಯ ಮೇಲೆ 2012ರಲ್ಲೇ ಇದನ್ನು ಮಾಡಿ ತೋರಿಸಿದ್ದರು. ನಾವು ಅವರಿಂದ ಕಲಿಯುವುದಷ್ಟೇ ಅಲ್ಲ, ಅವರೂ ನಮ್ಮಿಂದ ಕಲಿಯುವುದಿದೆ.

ಎಲ್ಲರಿಗೂ ಇಷ್ಟು ಸಿಕ್ಕಿಲ್ಲ. ಕೊಲರಾಡೊ ನದಿಯಿಂದ ಮರುಭೂಮಿಯನ್ನು ಹಾಯ್ದು ಫೀನಿಕ್ಸಿಗೂ ಅದರಾಚೆಗೂ ನೀರು ತರುವ 541 ಕಿಲೋಮೀಟರಿನ ಇನ್ನೊಂದು ಕಾಲುವೆಯಿದೆ. 1973ರಲ್ಲಿ ಆರಂಭ, 1993ರಲ್ಲಿ ಮುಕ್ತಾಯ. ನೀರು ಅಲ್ಲಿ ಬೆಟ್ಟ ಹತ್ತಬೇಕು. ಅದನ್ನೆತ್ತುವ ಪಂಪುಗಳಿಗೆ 2019ರವರೆಗೆ ವಿದ್ಯುತ್ತು ಬರುತ್ತಿದ್ದದ್ದು ನವಾಹೊ ಜನರ ನೆಲದಲ್ಲಿದ್ದ ಕಲ್ಲಿದ್ದಲ ಸ್ಥಾವರದಿಂದ. ಆ ನವಾಹೊ ನೆಲದಲ್ಲಿ ನಲ್ಲಿ ನೀರಿಲ್ಲದ ಮನೆಗಳು ಇಂದಿಗೂ ಸಾವಿರಾರು. ಪೀಪಾಯಿಗಳಲ್ಲಿ ದೂರದಿಂದ ನೀರು ಹೊತ್ತು ತರುತ್ತಾರೆ. ಅವರಿಗೆ ನೀರು ಒದಗಿಸಲು ಸರ್ಕಾರ ತಾನಾಗಿ ಕ್ರಮ ಕೈಗೊಳ್ಳಬೇಕಾದ ಹೊಣೆಯಿಲ್ಲವೆಂದು 2023ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಿಂದ ಹೇಳಿತು. ಈಜುಕೊಳದ ಪಕ್ಕದಲ್ಲಿ ಕೂತು ಪವಾಡ ಎನ್ನುವವರು ಇದನ್ನೂ ಸೇರಿಸಿ ಹೇಳಲಿ.

ಇಷ್ಟೆಲ್ಲ ಯಾರು ನಿರ್ಧರಿಸುತ್ತಾರೆ ಎಂದು ಕೇಳಿದರೆ ಇನ್ನೂ ಸ್ವಾರಸ್ಯ. ಫೀನಿಕ್ಸಿನ ಕಾಲುವೆಗಳನ್ನು ನಡೆಸುವ ಸಂಸ್ಥೆಯ ಚುನಾವಣೆಯಲ್ಲಿ ಮತದ ತೂಕ ಬಹುಮಟ್ಟಿಗೆ ಜಮೀನಿನ ಎಕರೆಯ ಲೆಕ್ಕದಲ್ಲಿದೆ. ಹೆಚ್ಚು ನೆಲವಿದ್ದವನಿಗೆ ಹೆಚ್ಚು ಮತ, ಬಾಡಿಗೆ ಮನೆಯವಳಿಗೆ ಮತವೇ ಇಲ್ಲ. ಇದು ಸರಿಯೆಂದು 1981ರಲ್ಲಿ ಸುಪ್ರೀಂ ಕೋರ್ಟೇ ಒಪ್ಪಿತು. ಇದನ್ನು ಕೇಳಿ ನಗುವ ಮೊದಲು ನಮ್ಮ ನೀರು ಬಳಕೆದಾರರ ಸಂಘಗಳ ಸಭೆಗೆ ಒಮ್ಮೆ ಹೋಗಿ ಬನ್ನಿ. ಪಹಣಿಯಲ್ಲಿ ಹೆಸರಿದ್ದವರ ಮಾತು ಅಲ್ಲಿ ನಡೆಯುತ್ತದೆ. ಪಹಣಿಯಲ್ಲಿ ಹೆಂಗಸರ ಹೆಸರು ಎಷ್ಟಿದೆ? ರಾತ್ರಿ ನೀರು ಬಂದಾಗ ಹೊಲದಲ್ಲಿ ಲಾಟೀನು ಹಿಡಿದು ನಿಲ್ಲುವವಳು ಅವಳು, ಸಭೆಯಲ್ಲಿ ಚಹಾ ಕೊಟ್ಟು ಬಾಗಿಲ ಹಿಂದೆ ನಿಲ್ಲುವವಳೂ ಅವಳೇ.

“ನಾವು ಪಟ್ಟಣದವರು, ನಮಗೂ ಕಾಲುವೆಗೂ ಏನು ಸಂಬಂಧ?” ಎಂದು ನೀವು ಕೇಳಬಹುದು. ಅಕ್ಕತಂಗಿಯರೇ, ನಿಮ್ಮ ಓಣಿಗೆ ವಾರಕ್ಕೊಮ್ಮೆಯೋ ಎರಡು ಸಲವೋ ಬರುವ ನಲ್ಲಿ ನೀರೂ ಒಂದು ಕಾಲುವೆಯೇ. ಮೊದಲ ನಾಲ್ಕು ಮನೆಯವರು ಪೈಪಿಗೇ ಮೋಟಾರು ಹಚ್ಚಿ ಮಾಳಿಗೆಯ ಟ್ಯಾಂಕು ತುಂಬಿಸಿಕೊಳ್ಳುತ್ತಾರೆ. ಓಣಿಯ ಕೊನೆಯ ಮನೆಯವಳು ನಲ್ಲಿಯ ಬಾಯಿಗೆ ಕೊಡ ಹಿಡಿದು, ಗಾಳಿಯ ‘ಸೊರ್ರ್’ ಸದ್ದು ಕೇಳುತ್ತ ಕೂತಿರುತ್ತಾಳೆ. ಮೋಟಾರು ಹಚ್ಚಿದ ಮನೆಯಲ್ಲಿ ಕಳ್ಳರಿಲ್ಲ, ನಮ್ಮ ನಿಮ್ಮಂಥವರೇ ಇದ್ದಾರೆ. ಗಂಗಾವತಿಯ ಗದ್ದೆಯವರೂ, ಗಿಲಾ ನದಿಯ ಮೇಲಿನ ಊರಿನವರೂ ಕಳ್ಳರಾಗಿರಲಿಲ್ಲ. ತಮ್ಮ ತೂಬಿನ ಮುಂದೆ ನೀರು ಹರಿಯುತ್ತಿತ್ತು, ತೆಗೆದುಕೊಂಡರು. ಕೆಳಗೆ ಯಾರಿದ್ದಾರೆಂದು ಬಗ್ಗಿ ನೋಡಲಿಲ್ಲ. ಬಗ್ಗಿ ನೋಡದಿರುವುದೇ ಇಲ್ಲಿಯ ಅನ್ಯಾಯ. ಅದನ್ನೇ ದೊಡ್ಡ ಮಾಪನದಲ್ಲಿ ಮಾಡಿದಾಗ ಅದಕ್ಕೆ ‘ಅಭಿವೃದ್ಧಿ’ ಎಂದು ಹೆಸರು.

ಮೇಲಿರುವವರು ಎಂದೆಂದಿಗೂ ಮೇಲೆಯೇ ಇರುತ್ತಾರೆಂಬ ಭರವಸೆಯೂ ಬೇಡ. ಫೀನಿಕ್ಸಿನ ಹತ್ತಿರದ ಸ್ಕಾಟ್ಸ್‌ಡೇಲ್ ನಗರದ ಗಡಿಯಾಚೆ ಉಳ್ಳವರು ಕಟ್ಟಿಕೊಂಡ ಬಡಾವಣೆಯೊಂದಿದೆ. ಅಲ್ಲಿಯ ನೂರಾರು ಮನೆಗಳಿಗೆ ಟ್ಯಾಂಕರಿನಲ್ಲಿ ಹೋಗುತ್ತಿದ್ದ ನೀರನ್ನು ಬರಗಾಲದ ಕಾರಣ ಹೇಳಿ ನಗರ 2023ರ ಜನವರಿ 1ರಂದು ನಿಲ್ಲಿಸಿಬಿಟ್ಟಿತು. ಲಕ್ಷ ಲಕ್ಷ ಡಾಲರಿನ ಮನೆಯವರು ತಿಂಗಳುಗಟ್ಟಲೆ ಮಳೆನೀರು ಹಿಡಿದು, ಕಾಗದದ ತಟ್ಟೆಯಲ್ಲಿ ಉಂಡರು. ಪಂಕ್ತಿ ಉದ್ದವಾಗುತ್ತ ಹೋದಂತೆ ಇಂದಿನ ನಡುವಿನವರೇ ನಾಳೆಯ ಕೊನೆಯವರು.

ಹಾಗಾಗಿ ನನ್ನ ಮಾತು ಇಷ್ಟು. ಯಾರಾದರೂ ಕಾಲುವೆಯನ್ನು ಹೊಗಳಿದರೆ ‘ಕೊನೆಯ ತೂಬಿನವರೆಗೆ ಹೋಗಿದ್ದಿರಾ?’ ಎಂದು ಕೇಳಿ. ನೀರಿನ ಲೆಕ್ಕವನ್ನು ಜಲಾಶಯದಲ್ಲಲ್ಲ, ಕೊನೆಯ ಉಪಕಾಲುವೆಯಲ್ಲಿ ಅಳೆಯಿರೆಂದು ಹಟ ಹಿಡಿಯಿರಿ. ಹೊಲದ ಪಹಣಿಯಲ್ಲಿ, ನೀರಿನ ಸಂಘದಲ್ಲಿ ಹೆಂಗಸರ ಹೆಸರು ಬರಲಿ. ನಿಮ್ಮ ಓಣಿಯ ಪೈಪಿನಿಂದ ಮೋಟಾರು ಕೀಳಿಸಿ. ಸಾಧ್ಯವಾದರೆ ನಿಮ್ಮ ಮನೆಯಿಂದಲೇ ಶುರುಮಾಡಿ.

ಇನ್ನೊಂದಿದೆ. ಪ್ರತಿ ಮಳೆಗಾಲ ಜಲಾಶಯ ತುಂಬಿದಾಗ ಮಂತ್ರಿಗಳು ಹೋಗಿ ಬಾಗಿನ ಅರ್ಪಿಸುತ್ತಾರೆ. ಮರುದಿನ ಪತ್ರಿಕೆಗಳಲ್ಲಿ ಫೋಟೋ. ಬಾಗಿನ ನಮ್ಮದು, ಹೆಂಗಸರದು. ಮೊರದಲ್ಲಿ ಬಳೆ, ಅರಿಸಿನ, ಕುಂಕುಮ, ಧಾನ್ಯ ಇಟ್ಟು, ಇನ್ನೊಂದು ಮೊರ ಮುಚ್ಚಿ, ಸೆರಗಿನ ಮರೆಯಲ್ಲಿ ಒಬ್ಬ ಹೆಣ್ಣು ಇನ್ನೊಬ್ಬ ಹೆಣ್ಣಿಗೆ ಕೊಡುವುದು. ಅದನ್ನು ಅಣೆಕಟ್ಟಿನ ಮೇಲೆ, ನೀರು ತುಂಬಿ ತುಳುಕುವ ಕಡೆ ಕೊಡುವುದರಲ್ಲಿ ಏನು ದೊಡ್ಡಸ್ತಿಕೆ? ಇನ್ನು ಮುಂದೆ ಬಾಗಿನವನ್ನು ಕಾಲುವೆಯ ಕೊನೆಯ ತೂಬಿನಲ್ಲಿ, ಅಲ್ಲಿಗೆ ನೀರು ಮುಟ್ಟಿದ ದಿನ ಅರ್ಪಿಸಲಿ. ಅಲ್ಲಿಗೆ ನೀರು ಮುಟ್ಟದ ವರ್ಷ ಬಾಗಿನವೂ ಬೇಡ, ಫೋಟೋವೂ ಬೇಡ.